ಜನರಲ್ ಮೋಟಾರ್ಸ್: ದೋಷ ಒಳಗಿನವರಿಗೆ ಮೊದಲೇ ಗೊತ್ತಿತ್ತು

2014ರ ಜೂನ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಕಾರುಗಳ ಕೀ ಸ್ವಿಚ್‌ನಲ್ಲಿದ್ದ ದೋಷದ ಬಗ್ಗೆ ಒಂದು ತನಿಖಾ ವರದಿ ಹೊರಬಂತು. ಬರೆದವರು ಆಂಟನ್ ವಲೂಕಸ್ ಎಂಬ ಹಿರಿಯ ವಕೀಲರು. ಮುನ್ನೂರಕ್ಕೂ ಹೆಚ್ಚು ಪುಟಗಳ ಆ ವರದಿಯಲ್ಲಿ ಸ್ವಿಚ್, ಸ್ಪ್ರಿಂಗ್, ಏರ್‌ಬ್ಯಾಗ್‌ಗಳ ನಡುವೆ ಎರಡು ಸನ್ನೆಗಳ ವಿವರಣೆ ಬರುತ್ತದೆ. ಒಂದಕ್ಕೆ ಕಂಪನಿಯೊಳಗೆ 'ಜಿಎಂ ಸಲ್ಯೂಟ್' ಅನ್ನುತ್ತಿದ್ದರು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ, ಬೆರಳುಗಳನ್ನು ಅತ್ತ ಇತ್ತ ಕೂತವರ ಕಡೆ ತೋರಿಸುವುದು. ಇದು ನನ್ನ ಕೆಲಸ ಅಲ್ಲ, ಅವರದ್ದು ಅಂತ ಅರ್ಥ. ಇನ್ನೊಂದು 'ಜಿಎಂ ನಾಡ್'. ಮೀಟಿಂಗ್‌ನಲ್ಲಿ ಎಲ್ಲರೂ 'ಹೌದು, ಮಾಡಲೇಬೇಕು' ಎಂದು ತಲೆಯಾಡಿಸುತ್ತಾರೆ. ಹೊರಗೆ ಬಂದ ಮೇಲೆ ಯಾರೂ ಏನೂ ಮಾಡುವುದಿಲ್ಲ.

ಆ ತಲೆಯಾಡಿಸುವ ವರ್ಷಗಳಲ್ಲಿ ಜನ ಸತ್ತಿದ್ದರು. ಕಂಪನಿಯ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳೇ 124.

1931ರಿಂದ 2007ರವರೆಗೆ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಎನಿಸಿಕೊಂಡಿದ್ದು ಇದೇ ಜನರಲ್ ಮೋಟಾರ್ಸ್. ಅಲ್ಲಿ ಒಳ್ಳೆಯ ಎಂಜಿನಿಯರ್‌ಗಳಿಗೆ ಎಂದೂ ಬರ ಇರಲಿಲ್ಲ. ಕೆಟ್ಟ ಕಾರು ಎಲ್ಲ ಕಂಪನಿಗಳಿಂದಲೂ ಬಂದಿವೆ. ಈ ಕಂಪನಿಯ ಹೆಸರು ಕೆಟ್ಟದ್ದು ಬೇರೆ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ಕೆಳಗಿನವನಿಗೆ ಗೊತ್ತಿದ್ದ ದೋಷ ಮೇಲಿನವರ ಮೇಜಿಗೆ ಬರುವ ದಾರಿಯೇ ಅಲ್ಲಿ ಮುಚ್ಚಿಹೋಗಿತ್ತು. ಅದು ಒಂದೇ ದಿನ ಆದದ್ದಲ್ಲ.

ಕಂಪನಿ ಹುಟ್ಟಿದ್ದು 1908ರ ಸೆಪ್ಟೆಂಬರ್ 16ರಂದು. ಹುಟ್ಟಿಸಿದವರು ವಿಲಿಯಂ ಡ್ಯುರಾಂಟ್. ಮಿಶಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಕುದುರೆ ಗಾಡಿ ಮಾಡಿಸಿ ಮಾರುತ್ತಿದ್ದವರು. ಬ್ಯೂಕ್ ಎಂಬ ಕಾರು ಕಂಪನಿ ಆಗಲೇ ಕೈಯಲ್ಲಿತ್ತು. ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್, ಓಕ್‌ಲ್ಯಾಂಡ್ ಒಂದರ ಹಿಂದೊಂದು ಸೇರಿದವು. ಸಾಲ ಬೆಳೆಯಿತು, 1910ರಲ್ಲಿ ಬ್ಯಾಂಕಿನವರು ಅವರನ್ನು ಪಕ್ಕಕ್ಕೆ ಸರಿಸಿದರು. ಡ್ಯುರಾಂಟ್ ಸುಮ್ನೆ ಕೂರಲಿಲ್ಲ. ರೇಸ್ ಚಾಲಕ ಲೂಯಿ ಶೆವ್ರೊಲೆ ಜೊತೆ ಸೇರಿ 1911ರಲ್ಲಿ ಷೆವರ್ಲೆ ಶುರು ಮಾಡಿದರು. ಅದರ ಬಲದಿಂದಲೇ 1916ರಲ್ಲಿ ಜನರಲ್ ಮೋಟಾರ್ಸ್ ಅನ್ನು ವಾಪಸ್ ಹಿಡಿದರು. 1920ರಲ್ಲಿ ಮತ್ತೆ ಕಳೆದುಕೊಂಡರು. ಕೊನೆಗಾಲದಲ್ಲಿ ಫ್ಲಿಂಟ್‌ನಲ್ಲೇ ಒಂದು ಬೌಲಿಂಗ್ ಆಟದ ಅಂಗಡಿ ನಡೆಸುತ್ತಿದ್ದರು.

ಕಂಪನಿಗೆ ಅಚ್ಚು ಹಾಕಿದವರು ಆಲ್‌ಫ್ರೆಡ್ ಸ್ಲೋನ್. 1923ರಲ್ಲಿ ಅಧ್ಯಕ್ಷರಾದರು. ಆಗ ಮಾರುಕಟ್ಟೆ ಹೆನ್ರಿ ಫೋರ್ಡ್ ಕೈಯಲ್ಲಿತ್ತು. ಅವರದ್ದು ಒಂದೇ ಮಾದರಿ, ವರ್ಷ ವರ್ಷಕ್ಕೂ ಇಳಿಯುವ ಬೆಲೆ. ಸ್ಲೋನ್ ಬೇರೆ ದಾರಿ ಹಿಡಿದರು. ಪ್ರತಿ ಜೇಬಿಗೂ, ಪ್ರತಿ ಅಗತ್ಯಕ್ಕೂ ಒಂದು ಕಾರು ಎಂದರು. ಮೊದಲ ಸಂಬಳದಲ್ಲಿ ಷೆವರ್ಲೆ, ಬಡ್ತಿ ಸಿಕ್ಕ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೈಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಕೈಯಲ್ಲಿ ಪೂರ್ತಿ ದುಡ್ಡಿಲ್ಲದವರಿಗೆ ಕಂತಿನ ಸಾಲ ಕೊಡುವ ಅಂಗಸಂಸ್ಥೆ 1919ರಲ್ಲೇ ಶುರುವಾಗಿತ್ತು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಗಾರರನ್ನು ಕರೆಸಿ, ಕಾರಿನ ಅಂದಕ್ಕೇ ಒಂದು ಪ್ರತ್ಯೇಕ ವಿಭಾಗ ತೆರೆದರು. ವರ್ಷಕ್ಕೊಂದು ಹೊಸ ರೂಪ ಬರತೊಡಗಿತು, ಹಳೆಯ ಕಾರು ಹಳೆಯದಾಗಿ ಕಾಣತೊಡಗಿತು. ಇಂದು ಮೊಬೈಲ್ ಫೋನ್ ಮಾರುವವರು ಮಾಡುತ್ತಿರುವುದೂ ಇದನ್ನೇ ಅಲ್ವಾ?

ಸ್ಲೋನ್ ಕಟ್ಟಿದ ಆಡಳಿತ ಪದ್ಧತಿ ದೊಡ್ಡ ಕಂಪನಿ ನಡೆಸುವವರಿಗೆಲ್ಲ ಪಾಠವಾಯಿತು. ಪ್ರತಿ ವಿಭಾಗಕ್ಕೂ ಸ್ವಾತಂತ್ರ್ಯ, ಆದರೆ ಹಣದ ಲೆಕ್ಕ ಕೇಂದ್ರ ಕಚೇರಿಗೆ. ಅವರ ಬುದ್ಧಿವಂತಿಕೆಯನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಇದರಲ್ಲೇ ಒಂದು ತೊಡಕೂ ಇತ್ತು. ಮೇಲೆ ಕೂತವರಿಗೆ ತಲುಪುತ್ತಿದ್ದದ್ದು ಅಂಕಿಗಳು. ಒಂದು ಬಿಡಿಭಾಗ ಸರಿಪಡಿಸಲು ಆಗುವ ಖರ್ಚು ಅಂಕಿಯಾಗಿ ತಕ್ಷಣ ಕಾಣುತ್ತದೆ. ಸರಿಪಡಿಸದಿದ್ದರೆ ಯಾರಿಗೆ ಏನಾಗುತ್ತದೆ ಎಂಬುದು ಕಾಣುವುದಿಲ್ಲ.

ಅದೇ ಕಾಲದ ಸೀಸದ ಪೆಟ್ರೋಲ್ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1921ರಲ್ಲಿ ಕಂಪನಿಯ ಸಂಶೋಧಕ ಥಾಮಸ್ ಮಿಡ್ಗ್ಲಿ ಎಂಜಿನ್ ಕುಟ್ಟುವ ಸದ್ದು ನಿಲ್ಲಿಸಲು ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸಿದರು. ಸೀಸ ವಿಷ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಮಿಡ್ಗ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿ, ಏನೂ ಆಗುವುದಿಲ್ಲ ಎಂದರು. ಅದಕ್ಕೂ ಮೊದಲೇ ಸ್ವತಃ ಅವರಿಗೇ ಸೀಸದ ವಿಷ ಏರಿ ವಿಶ್ರಾಂತಿಗೆ ಹೋಗಿ ಬಂದಿದ್ದರು. ನಮ್ಮ ದೇಶದ ಬಂಕ್‌ಗಳಿಂದ ಆ ಸೀಸ ಹೋದದ್ದು 2000ದಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳು ಅದನ್ನು ಉಸಿರಾಡಿದ್ದರು!

ಕಾರ್ಮಿಕರ ಮಾತು ಕಂಪನಿಯ ಕಿವಿಗೆ ಬಿದ್ದದ್ದು ಅವರು ಕಾರ್ಖಾನೆಯನ್ನೇ ಹಿಡಿದು ಕೂತಾಗ. 1936ರ ಡಿಸೆಂಬರ್ 30ರಂದು ಫ್ಲಿಂಟ್‌ನ ಫಿಷರ್ ಬಾಡಿ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದವರು ಹೊರಗೆ ಬರಲೇ ಇಲ್ಲ. ಒಳಗೇ ಕಾರಿನ ಸೀಟುಗಳ ಮೇಲೆ ಮಲಗಿದರು. ಪೊಲೀಸರು ಅಶ್ರುವಾಯು ಹೊಡೆದರೆ ಇವರು ಬಾಗಿಲ ಕೀಲುಗಳನ್ನು ಎಸೆದರು, ಬೆಂಕಿ ಆರಿಸುವ ಪೈಪಿನಿಂದ ನೀರು ಹಾರಿಸಿದರು. ಗವರ್ನರ್ ಫ್ರಾಂಕ್ ಮರ್ಫಿ ಸೈನಿಕರನ್ನು ಕರೆಸಿದರೂ ಕಾರ್ಮಿಕರನ್ನು ಹೊರದಬ್ಬಲು ಬಳಸಲಿಲ್ಲ. 44 ದಿನಗಳ ಮೇಲೆ, 1937ರ ಫೆಬ್ರವರಿ 11ರಂದು, ಕಂಪನಿ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು. ಅಮೆರಿಕದ ಕಾರ್ಮಿಕ ಮುಂದೆ ಮನೆ, ಕಾರು, ಪಿಂಚಣಿ ಕಂಡದ್ದರಲ್ಲಿ ಈ 44 ದಿನಗಳ ಪಾಲು ದೊಡ್ಡದು.

ಯುದ್ಧ ಮುಗಿದ ಮೇಲಿನ ಕಾಲ ಕಂಪನಿಗೆ ಸುಗ್ಗಿ. 1955ರಲ್ಲಿ ಅದರ ಲಾಭ ಒಂದೇ ವರ್ಷದಲ್ಲಿ 100 ಕೋಟಿ ಡಾಲರ್ ದಾಟಿತು. ಅಮೆರಿಕದ ಯಾವ ಕಂಪನಿಯೂ ಅದಕ್ಕೆ ಮೊದಲು ಅಷ್ಟು ಗಳಿಸಿರಲಿಲ್ಲ. ಅಲ್ಲಿ ಮಾರಾಟವಾಗುತ್ತಿದ್ದ ಸುಮಾರು ಪ್ರತಿ ಎರಡು ಕಾರುಗಳಲ್ಲಿ ಒಂದು ಇವರದ್ದು.

ಮೊದಲ ದೊಡ್ಡ ಪೆಟ್ಟು ಷೆವರ್ಲೆ ಕೊರ್ವೇರ್‌ನಿಂದ ಬಿತ್ತು. 1960ರ ಮಾದರಿಯಾಗಿ ಬಂದ ಈ ಕಾರಿನ ಎಂಜಿನ್ ಹಿಂದೆ ಇತ್ತು. ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಮಡಚಿದಂತಾಗಿ ಕಾರು ಕೈತಪ್ಪುತ್ತದೆ ಎಂಬ ದೂರುಗಳು ಬಂದವು. ಸಮತೋಲನಕ್ಕೆ ಬೇಕಾದ ಒಂದು ಸರಳನ್ನು ಖರ್ಚು ಉಳಿಸಲು ಬಿಟ್ಟಿದ್ದರು, 1964ರ ಮಾದರಿಗೆ ಸೇರಿಸಿದರು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ಅಮೆರಿಕದ ಕಾರುಗಳ ಸುರಕ್ಷತೆಯ ಬಗ್ಗೆ ಪುಸ್ತಕ ಬರೆದು, ಮೊದಲ ಅಧ್ಯಾಯವನ್ನೇ ಕೊರ್ವೇರ್‌ಗೆ ಕೊಟ್ಟರು. ಆಗ ಕಂಪನಿ ಏನು ಮಾಡಬೇಕಿತ್ತು? ಕಾರನ್ನು ಪರೀಕ್ಷಿಸಿ ಉತ್ತರ ಕೊಡಬಹುದಿತ್ತು. ಅದರ ಬದಲು ಆ ಮನುಷ್ಯನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅವರ ಖಾಸಗಿ ಬದುಕು ಕೆದಕಿಸಿತು. 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತಾ ಕಾಯ್ದೆ ಬಂತು. ನೇಡರ್‌ಗೆ ಕಂಪನಿ ಕೊನೆಗೆ 4,25,000 ಡಾಲರ್ ಕೊಟ್ಟು ಕೇಸು ಮುಗಿಸಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. 1972ರಲ್ಲಿ ಸರ್ಕಾರದ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡಿ, ಕೊರ್ವೇರ್ ಆ ಕಾಲದ ಬೇರೆ ಕಾರುಗಳಿಗಿಂತ ಜಾಸ್ತಿ ಅಪಾಯದ್ದೇನಲ್ಲ ಎಂದಿತು. ಅಂದರೆ ಕಂಪನಿಯ ಹೆಸರಿಗೆ ಕಾರಿಗಿಂತ ಹೆಚ್ಚು ಹಾನಿ ಮಾಡಿದ್ದು ಆ ಪತ್ತೇದಾರರು.

ಸರಿದಾರಿ ಕಂಪನಿಯವರ ಕಣ್ಣೆದುರೇ ಇತ್ತು ಎಂಬುದು ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ. ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿ ಇದ್ದ ಕಾರ್ಖಾನೆ ಗೈರುಹಾಜರಿ, ಜಗಳ, ಕೆಲಸದ ಹೊತ್ತಿನಲ್ಲಿ ಕುಡಿತಕ್ಕೆ ಹೆಸರಾಗಿತ್ತು. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುತೇಕರು ಹಳಬರೇ. ಅವರಲ್ಲಿ ಕೆಲವರನ್ನು ಜಪಾನಿಗೆ ಕಳಿಸಿ ಕೆಲಸ ಕಲಿಸಿದರು. ಹಳೆಯ ಪದ್ಧತಿಯಲ್ಲಿ ಒಂದೇ ನಿಯಮ: ಕಾರುಗಳು ಸಾಗುತ್ತಾ ಜೋಡಣೆಯಾಗುವ ಲೈನ್ ನಿಲ್ಲಬಾರದು. ಬೋಲ್ಟ್ ಸರಿ ಕೂರದಿದ್ದರೂ ಕಾರು ಮುಂದೆ ಹೋಗಬೇಕು, ಕೊನೆಯಲ್ಲಿ ಯಾರಾದರೂ ಸರಿ ಮಾಡಿಕೊಳ್ಳಲಿ. ಹೊಸ ಪದ್ಧತಿಯಲ್ಲಿ ಪ್ರತಿಯೊಬ್ಬನ ತಲೆಯ ಮೇಲೆ ಒಂದು ಹಗ್ಗ ಇತ್ತು. ತಪ್ಪು ಕಂಡರೆ ಎಳೆಯಬೇಕು. ಎಳೆದ ಕೂಡಲೇ ತಂಡದ ಮುಖ್ಯಸ್ಥ ಓಡಿ ಬರುತ್ತಿದ್ದ, ಬೈಯಲು ಅಲ್ಲ, ಸಹಾಯ ಮಾಡಲು. ಆಗಲೂ ಸರಿಯಾಗದಿದ್ದರೆ ಇಡೀ ಲೈನ್ ನಿಲ್ಲುತ್ತಿತ್ತು. ಸ್ವಲ್ಪ ಕಾಲದಲ್ಲೇ ಆ ಕಾರ್ಖಾನೆಯ ಕಾರುಗಳು ಜಪಾನಿನ ಕಾರುಗಳ ಗುಣಮಟ್ಟಕ್ಕೆ ಬಂದವು.

ಅದೇ ಜನ, ಅದೇ ಊರು. ಬದಲಾದದ್ದು ಇಷ್ಟೇ: ತಪ್ಪು ಹೇಳಿದವನಿಗೆ ಶಿಕ್ಷೆ ಇರಲಿಲ್ಲ. ಆದರೆ ಈ ಪಾಠ ಕಂಪನಿಯ ಉಳಿದ ಕಾರ್ಖಾನೆಗಳಿಗೆ ಹಬ್ಬಲು ವರ್ಷಗಟ್ಟಲೆ ಹಿಡಿಯಿತು. ಕಚೇರಿಯ ಮಹಡಿಗಳಿಗೆ ಅಂಥ ಹಗ್ಗ ಬರಲೇ ಇಲ್ಲ. ಅಷ್ಟರಲ್ಲಿ ಗಿರಾಕಿ ಟೊಯೊಟಾ, ಹೊಂಡಾ ಷೋರೂಂಗಳ ಕಡೆ ನಡೆದಿದ್ದ.

2009ರ ಜೂನ್ 1ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ನಿವೃತ್ತರ ಪಿಂಚಣಿ ಮತ್ತು ಆಸ್ಪತ್ರೆ ಖರ್ಚು, ಇಳಿಯುತ್ತಿದ್ದ ಮಾರಾಟ, 2008ರ ಹಣಕಾಸು ಕುಸಿತ, ಎಲ್ಲವೂ ಒಟ್ಟಿಗೆ ಬಂದಿದ್ದವು. ಸರ್ಕಾರ ಸುಮಾರು 5,000 ಕೋಟಿ ಡಾಲರ್ ಸುರಿದು ಎತ್ತಿ ನಿಲ್ಲಿಸಿತು. ಅದರಲ್ಲಿ 1,000 ಕೋಟಿಗೂ ಹೆಚ್ಚು ವಾಪಸ್ ಬರಲಿಲ್ಲ. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮುಚ್ಚಿದವು. ಓಲ್ಡ್ಸ್‌ಮೊಬೈಲ್ 2004ರಲ್ಲೇ ಹೋಗಿತ್ತು.

ಇನ್ನು ಆ ಸ್ವಿಚ್‌ನ ವಿಷಯ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳಲ್ಲಿ ಕೀ ಹಾಕಿ ತಿರುಗಿಸುವ ಸ್ವಿಚ್‌ನೊಳಗೆ ಒಂದು ಪುಟ್ಟ ಸ್ಪ್ರಿಂಗ್ ಇತ್ತು. ಕೀ ಇದ್ದ ಜಾಗದಲ್ಲೇ ನಿಲ್ಲುವ ಹಾಗೆ ಹಿಡಿಯುವುದು ಅದರ ಕೆಲಸ. ಅದಕ್ಕೆ ಸಾಕಷ್ಟು ಬಿಗಿ ಇರಲಿಲ್ಲ. ಭಾರದ ಕೀ ಗೊಂಚಲು ಜೋತಾಡಿದರೆ, ಮೊಣಕಾಲು ತಗುಲಿದರೆ, ಓಡುತ್ತಿರುವಾಗಲೇ ಕೀ ಹಿಂದಕ್ಕೆ ತಿರುಗುತ್ತಿತ್ತು. ಎಂಜಿನ್ ಬಂದ್. ಸ್ಟೀರಿಂಗ್ ಬಿಗಿ, ಬ್ರೇಕ್ ಭಾರ. ಎಲ್ಲಕ್ಕಿಂತ ಘೋರ ಎಂದರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ.

ಆ ಬಿಗಿ ಕಂಪನಿಯ ಮಾನದಂಡಕ್ಕಿಂತ ಕಡಿಮೆ ಎಂದು ಗೊತ್ತಿದ್ದೇ 2002ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2005ರಲ್ಲಿ ದೂರು ಬಂದಾಗ ಡೀಲರ್‌ಗಳಿಗೆ ಸೂಚನೆ ಹೋಯಿತು: ಗೊಂಚಲಿನಿಂದ ಭಾರದ ವಸ್ತು ತೆಗೆಯಲು ಗಿರಾಕಿಗೆ ಹೇಳಿ. ಎಂಜಿನ್ ನಿಂತರೂ ಕಾರನ್ನು ಪಕ್ಕಕ್ಕೆ ತರಬಹುದು, ಆದ್ದರಿಂದ ಇದು ಅನುಕೂಲದ ವಿಷಯ, ಸುರಕ್ಷತೆಯದ್ದಲ್ಲ ಎಂದು ಬರೆದುಕೊಂಡರು. ಸರಿಪಡಿಸುವ ಪ್ರಸ್ತಾಪ ಖರ್ಚಿನ ಲೆಕ್ಕದಲ್ಲಿ ಬಿದ್ದುಹೋಯಿತು. ಭಾಗದ ಬೆಲೆ ಒಂದು ಡಾಲರ್ ಆಸುಪಾಸಿನದ್ದು. 2006ರಲ್ಲಿ ಉದ್ದದ ಸ್ಪ್ರಿಂಗ್ ಹಾಕುವ ಬದಲಾವಣೆಗೆ ಸದ್ದಿಲ್ಲದೆ ಸಹಿ ಬಿತ್ತು, ಪಾರ್ಟ್ ನಂಬರ್ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಆಮೇಲೆ ಹುಡುಕಿದವರಿಗೆ ಹಳೆಯ ಕಾರಿನಲ್ಲಿ ಅಪಘಾತ, ಹೊಸದರಲ್ಲಿ ಇಲ್ಲ ಏಕೆ ಎಂದು ತಿಳಿಯಲೇ ಇಲ್ಲ.

2007ರಲ್ಲೇ ವಿಸ್ಕಾನ್ಸಿನ್‌ನ ಒಬ್ಬ ಹೆದ್ದಾರಿ ಪೊಲೀಸ್, ಒಂದು ಅಪಘಾತ ಪರಿಶೀಲಿಸಿ, ಕೀ ತಿರುಗಿದ್ದಕ್ಕೂ ಏರ್‌ಬ್ಯಾಗ್ ತೆರೆಯದ್ದಕ್ಕೂ ಸಂಬಂಧ ಇರಬಹುದು ಎಂದು ಬರೆದಿದ್ದರು. ಆ ವರದಿ ಕಂಪನಿಯ ಕಡತದಲ್ಲೇ ಇತ್ತು. 2008ರಲ್ಲಿ ನೌಕರರಿಗೆ ಕೊಟ್ಟ ತರಬೇತಿಯಲ್ಲಿ, ಬರವಣಿಗೆಯಲ್ಲಿ 'ದೋಷ' ಎನ್ನಬೇಡಿ, 'ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ' ಎನ್ನಿ ಎಂದು ಕಲಿಸಲಾಗಿತ್ತು. ಸತ್ಯ ಹೊರಬಂದದ್ದು ಜಾರ್ಜಿಯಾದಲ್ಲಿ ಮಗಳನ್ನು ಕಳೆದುಕೊಂಡ ಒಂದು ಕುಟುಂಬ ಕೋರ್ಟಿಗೆ ಹೋದ ಮೇಲೆ. ಅವರ ಪರ ಎಂಜಿನಿಯರ್ ಹಳೆಯ ಸ್ವಿಚ್ ಮತ್ತು ಅಂಗಡಿಯಿಂದ ತಂದ ಹೊಸ ಸ್ವಿಚ್ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ಅಳೆದರು. ನಂಬರ್ ಒಂದೇ, ಸ್ಪ್ರಿಂಗ್ ಬೇರೆ.

2014ರ ಫೆಬ್ರವರಿಯಲ್ಲಿ ಕಾರುಗಳನ್ನು ವಾಪಸ್ ಕರೆಯಲು ಶುರು ಮಾಡಿದಾಗ ಮೇರಿ ಬಾರಾ ಮುಖ್ಯಸ್ಥೆಯಾಗಿ ಕೆಲವೇ ವಾರ ಆಗಿತ್ತು. ಅವರ ತಂದೆ ಪಾಂಟಿಯಾಕ್ ಕಾರ್ಖಾನೆಯಲ್ಲಿ ದುಡಿದವರು. ತಾವೂ 18ರ ವಯಸ್ಸಿಗೆ ಅಲ್ಲೇ ಸೇರಿದವರು. 15 ಮಂದಿಯನ್ನು ಕೆಲಸದಿಂದ ತೆಗೆದರು. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಈ ನೋವನ್ನು ಹಿಂದೆ ಬಿಟ್ಟು ಹೋಗಲು ನನಗೆ ಇಷ್ಟವಿಲ್ಲ, ಅದು ನಮ್ಮ ನೆನಪಿನಲ್ಲಿ ಶಾಶ್ವತವಾಗಿ ಉಳಿಯಬೇಕು ಎಂಬ ಅರ್ಥದ ಮಾತನ್ನು ಬಾರಾ ನೌಕರರ ಮುಂದೆ ಆಡಿದರು.

ನಮ್ಮವರಿಗೂ ಈ ಕಂಪನಿ ಹೊಸದಲ್ಲ. 1928ರಲ್ಲೇ ಮುಂಬೈಯಲ್ಲಿ ಬಿಡಿಭಾಗ ತಂದು ಕಾರು ಜೋಡಿಸಿತ್ತು. ತೊಂಬತ್ತರ ದಶಕದಲ್ಲಿ ಗುಜರಾತಿನ ಹಾಲೋಲ್‌ಗೆ ಮರಳಿ ಬಂತು. ಕರ್ನಾಟಕದ ಟೂರಿಸ್ಟ್ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಷೆವರ್ಲೆ ತವೇರಾ ಎಷ್ಟೋ ವರ್ಷ ಕಾಣುತ್ತಿತ್ತು. ಅದೇ ತವೇರಾ 2013ರಲ್ಲಿ ಸುದ್ದಿಯಾಯಿತು. ತಪಾಸಣೆಗೆ ಕಳಿಸುವ ವಾಹನಗಳಿಗೆ ಕಡಿಮೆ ಹೊಗೆಯ ಎಂಜಿನ್‌ಗಳನ್ನೇ ಆರಿಸಿ ಕೂರಿಸಲಾಗಿತ್ತು. ಸುಮಾರು 1.14 ಲಕ್ಷ ವಾಹನಗಳನ್ನು ವಾಪಸ್ ಕರೆಯಬೇಕಾಯಿತು. ತಪ್ಪನ್ನು ಕಂಪನಿಯೇ ಸರ್ಕಾರಕ್ಕೆ ತಿಳಿಸಿತು, ಹಲವರನ್ನು ಕೆಲಸದಿಂದ ತೆಗೆಯಿತು. ಅಷ್ಟು ಮೆಚ್ಚಬೇಕು. 2017ರ ಕೊನೆಗೆ ಇಲ್ಲಿ ಮಾರಾಟ ನಿಂತಿತು. ಬೆಂಗಳೂರಿನ ತಾಂತ್ರಿಕ ಕೇಂದ್ರವನ್ನು ಮಾತ್ರ ಆಗ ಉಳಿಸಿಕೊಂಡರು.

ಅಮೆರಿಕದಲ್ಲಿ ಬಾರಾ ಹೇಳಿದ ಆ ನೆನಪಿಗೆ ನಿಜವಾದ ಪರೀಕ್ಷೆ ಬಂದದ್ದು 2023ರ ಅಕ್ಟೋಬರ್ 2ರಂದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರು ಗುದ್ದಿ ಎಸೆದ ಮಹಿಳೆಯೊಬ್ಬರು ಜಿಎಂ ಒಡೆತನದ ಕ್ರೂಸ್ ಕಂಪನಿಯ ಚಾಲಕನಿಲ್ಲದ ಕಾರಿನ ಮುಂದೆ ಬಿದ್ದರು. ಆ ಕಾರು ಗುದ್ದಿ ನಿಂತು, ಮತ್ತೆ ಹೊರಟು, ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಳೆದುಕೊಂಡು ಹೋದದ್ದು ಕ್ರೂಸ್‌ನವರಿಗೆ ಮರುದಿನದ ಹೊತ್ತಿಗೆ ಗೊತ್ತಿತ್ತು. ಅಧಿಕಾರಿಗಳಿಗೆ ವಿಡಿಯೊ ಹಾಕಿ ತೋರಿಸಿದರು, ಬಾಯಿಬಿಟ್ಟು ಹೇಳಲಿಲ್ಲ. ನೆಟ್‌ವರ್ಕ್ ಸರಿಯಿಲ್ಲದೆ ಕೆಲವು ಮೀಟಿಂಗ್‌ಗಳಲ್ಲಿ ವಿಡಿಯೊ ಕೂಡ ಸರಿಯಾಗಿ ಓಡಲಿಲ್ಲ. ಸುರಕ್ಷತಾ ಸಂಸ್ಥೆಗೆ ಕೊಟ್ಟ ಲಿಖಿತ ವರದಿಯಲ್ಲೂ ಆ 20 ಅಡಿಯ ಮಾತು ಇರಲಿಲ್ಲ. ಕ್ಯಾಲಿಫೋರ್ನಿಯ ಅದೇ ತಿಂಗಳು ಪರವಾನಗಿ ಅಮಾನತು ಮಾಡಿತು. 2024ರ ನವೆಂಬರ್‌ನಲ್ಲಿ ಸುಳ್ಳು ವರದಿ ಕೊಟ್ಟದ್ದನ್ನು ಕ್ರೂಸ್ ಒಪ್ಪಿಕೊಂಡಿತು. ಮುಂದಿನ ತಿಂಗಳೇ ಜನರಲ್ ಮೋಟಾರ್ಸ್ ಚಾಲಕನಿಲ್ಲದ ಟ್ಯಾಕ್ಸಿಯ ಯೋಜನೆಯನ್ನು ಕೈಬಿಟ್ಟಿತು.