ಹುಬ್ಬಳ್ಳಿ–ಅಂಕೋಲಾ ರೈಲು: ಹತ್ತಿ ಹೋಯಿತು, ಅದಿರು ಹೋಯಿತು, ಕಡತ ಉಳಿಯಿತು

ಚುನಾವಣೆ ಹತ್ತಿರ ಬಂದಾಗ ಒಮ್ಮೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾದಾಗ ಇನ್ನೊಮ್ಮೆ ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಏಳುತ್ತದೆ. ‘ಒಪ್ಪಿಗೆ ಸಿಕ್ಕಿತು’, ‘ತಡೆ ಬಿತ್ತು’ ಎಂಬ ಎರಡೂ ಸುದ್ದಿ ಒಂದೇ ವರ್ಷ ಬಂದದ್ದುಂಟು. ಯಾವುದರ ಒಪ್ಪಿಗೆ, ಎಲ್ಲಿಯ ತಡೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದು ಮಾರಾಟವಾಗುತ್ತಿದ್ದದ್ದೂ ಕುಮಟಾದ ಹೆಸರಲ್ಲೇ. ಅಮೆರಿಕದ ಅಂತರ್ಯುದ್ಧದಿಂದ ಮಿಲ್ಲುಗಳಿಗೆ ಹತ್ತಿಯ ಬರ ಬಂದ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ದೊಡ್ಡ ಬಂದರು ಮಾಡಿ ಹುಬ್ಬಳ್ಳಿಯಿಂದ ಅಲ್ಲಿಗೆ ಹಳಿ ಹಾಕುವ ಲೆಕ್ಕಾಚಾರ ಆಗಿನದು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ರೈಲು ಕ್ಯಾಸಲ್ ರಾಕ್ ದಾಟಿ ಮಾರ್ಮಗೋವಾಕ್ಕೆ ಇಳಿಯಿತು. ಹತ್ತಿಯೂ ಅದರ ಹಿಂದೆ ಹೋಯಿತು. ಮುಂದಿನ ನೂರು ವರ್ಷ ಮನವಿ, ಭಾಷಣಗಳಲ್ಲಿ ಕಳೆಯಿತು.

1990ರ ದಶಕದ ಕೊನೆಗೆ ಕರಾವಳಿಗೆ ಎರಡು ರೈಲು ಕಂಡವು. ಒಂದು ನಿಜವಾಗಿ ಓಡಿತು: ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಕೊಂಕಣ ರೈಲ್ವೆ, 1998ರ ಜನವರಿ 26ರಿಂದ. ಇನ್ನೊಂದು ಬಜೆಟ್ಟಿನಲ್ಲಿ ಸೇರಿತು, ಅಡಿಗಲ್ಲೂ ಬಿತ್ತು: ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಮೇಲಾಗಿ ಅಂಕೋಲೆಗೆ ಸುಮಾರು 165 ಕಿ.ಮೀ. ಈ ಸಲ ಹತ್ತಿಯ ಜಾಗದಲ್ಲಿ ಅದಿರಿತ್ತು. ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರನ್ನು ಕಾರವಾರ, ಬೇಲೆಕೇರಿ ಬಂದರುಗಳಿಗೆ ಇಳಿಸುವುದೇ ಯೋಜನೆಯ ಲಾಭದ ಲೆಕ್ಕ. ಪ್ರಯಾಣಿಕರ ಮಾತು ಅದರ ಬೆನ್ನಿಗೆ ಬರುತ್ತಿತ್ತು, ಅಷ್ಟೆ.

ಹುಬ್ಬಳ್ಳಿ ಕಡೆಯ ಬಯಲಲ್ಲಿ ಮಣ್ಣಿನ ಕೆಲಸ ಒಂದಷ್ಟು ನಡೆದೇ ಹೋಯಿತು. ತೊಡಕೆಲ್ಲ ಇರುವುದು ಯಲ್ಲಾಪುರದಿಂದ ಕೆಳಗೆ. ಯಲ್ಲಾಪುರ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿದೆ, ಅಂಕೋಲೆ ಕಡಲ ಮಗ್ಗುಲಲ್ಲಿ. ಲಾರಿಯಾದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಗೇರ್ ಹಾಕಿಕೊಂಡು ಇಳಿದೀತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಆ ಹಿಡಿತವಿಲ್ಲ. ಕ್ಯಾಸಲ್ ರಾಕ್–ಕುಳೇ ಘಟ್ಟದಂತೆ 37ಕ್ಕೆ 1ರ ಇಳಿಜಾರಿಟ್ಟರೆ, ಅಂದರೆ 37 ಮೀಟರ್ ಸಾಗಿದಾಗ ಒಂದು ಮೀಟರ್ ಇಳಿಯುವಂತೆ ಮಾಡಿದರೆ, ಐನೂರು ಮೀಟರ್ ಇಳಿಯಲು ಹದಿನೆಂಟೂವರೆ ಕಿ.ಮೀ. ಹಳಿ ಸಾಕು. ಆದರೆ ಅಲ್ಲಿ ಗಾಡಿಗೆ ಘಟ್ಟದಲ್ಲಿ ನೆರವಾಗುವ ಹೆಚ್ಚುವರಿ ಎಂಜಿನ್ (ಬ್ಯಾಂಕರ್) ಜೋಡಿಸಬೇಕು, ಇಳಿಯುವ ಮೊದಲು ನಿಲ್ಲಿಸಿ ಬ್ರೇಕ್ ಪರೀಕ್ಷಿಸಬೇಕು, ಬ್ರೇಕ್ ತಪ್ಪಿದ ಗಾಡಿಯನ್ನು ಏರಿಗೆ ತಿರುಗಿಸುವ ಕವಲು ಹಳಿಗಳೂ ಬೇಕು. ಐವತ್ತೆಂಟು ವ್ಯಾಗನ್ ಅದಿರು ತುಂಬಿದ ಗಾಡಿ ಐದು ಸಾವಿರ ಟನ್ನಿನ ಆಸುಪಾಸು ತೂಗುತ್ತದೆ. ಅದನ್ನು ದಿನಕ್ಕೆ ಹತ್ತಾರು ಸಲ ಹೀಗೆ ಇಳಿಸುವುದು ಕಷ್ಟ. 100ಕ್ಕೆ 1 ಎಂದರೆ ಐವತ್ತು ಕಿ.ಮೀ., ಕೊಂಕಣ ರೈಲ್ವೆಯ 150ಕ್ಕೆ 1 ಎಂದರೆ ಎಪ್ಪತ್ತೈದು ಕಿ.ಮೀ. ಬೇಕು. ಇಳಿಜಾರು ಮೃದುವಾದಷ್ಟೂ ಹಳಿ ಉದ್ದವಾಗುತ್ತದೆ, ಕಾಡಿನೊಳಗಿನ ಸುತ್ತು, ಸುರಂಗ, ಗುಡ್ಡ ಕಡಿತ ಹೆಚ್ಚುತ್ತವೆ. ರೈಲಿಗೆ ಒಳ್ಳೆಯದು ಕಾಡಿಗೆ ಕೆಟ್ಟದು ಎಂಬ ಇಕ್ಕಟ್ಟು ನಕಾಶೆಯಲ್ಲೇ ಇದೆ. ವಾದ ಮಾಡುವವರು ಎರಡೂ ಕಡೆ ಇದನ್ನು ಬಿಟ್ಟು ಮಾತಾಡುತ್ತಾರೆ.

ಕಾಡಿನ ಕಡತಕ್ಕೆ ಒಂದಲ್ಲ, ಹಲವು ಬಾಗಿಲು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಮೊದಲು ಷರತ್ತುಗಳೊಂದಿಗೆ ತಾತ್ವಿಕ ಒಪ್ಪಿಗೆ, ಷರತ್ತು ಪೂರೈಸಿದ ಮೇಲೆ ಅಂತಿಮ ಒಪ್ಪಿಗೆ. ವನ್ಯಜೀವಿ ವಿಷಯ ಬೇರೆ: ರಾಜ್ಯ ಮಂಡಳಿ ಶಿಫಾರಸು ಮಾತ್ರ ಮಾಡುತ್ತದೆ, ಮುಂದಿನ ಮಾತು ರಾಷ್ಟ್ರೀಯ ಮಂಡಳಿಯದು. ಪಕ್ಕದಲ್ಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿರುವುದರಿಂದ ಹುಲಿ ಪ್ರಾಧಿಕಾರವನ್ನೂ ಕೇಳಬೇಕು. ಬೇಡಿಕೆಯಿಟ್ಟ ಅರಣ್ಯ ಭೂಮಿ ಪರಿಷ್ಕರಣೆಯಾಗುತ್ತ ಬಂದು ಸುಮಾರು 596 ಹೆಕ್ಟೇರಿಗೆ ನಿಂತಿತು. ಆದರೂ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಯೋಜನೆ ಬೇಡವೆಂದೇ ಹೇಳಿತು. ಅಷ್ಟರಲ್ಲಿ ಅದಿರಿನ ಲೆಕ್ಕವೂ ಬುಡಮೇಲಾಗಿತ್ತು. ಅಕ್ರಮ ಅದಿರು ಸಾಗಣೆಯ ಬೇಲೆಕೇರಿ ಹಗರಣ ಬಯಲಾಗಿ 2010ರಲ್ಲಿ ರಾಜ್ಯ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಬಳ್ಳಾರಿಯ ಗಣಿಗಳಿಗೆ ಸುಪ್ರೀಂ ಕೋರ್ಟ್ ತಡೆಯೊಡ್ಡಿತು. 2020ರ ಮಾರ್ಚಿನಲ್ಲಿ ಬಂದ ‘ಒಪ್ಪಿಗೆ’ ರಾಜ್ಯ ವನ್ಯಜೀವಿ ಮಂಡಳಿಯದು, ಅಂದರೆ ಒಂದು ಬಾಗಿಲಿನದು. ಅದೇ ವರ್ಷ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಈಗಿರುವುದು ಜೋಡಿ ಹಳಿಯ ಹೊಸ ಯೋಜನಾ ವರದಿ, ಅಂದಾಜು 17 ಸಾವಿರ ಕೋಟಿ ರೂಪಾಯಿ. ಸರಕಿನ ಆಸೆ ಈಗ ಅಂಕೋಲೆಯ ಕೇಣಿಯಲ್ಲಿ ಬರಲಿದೆಯೆನ್ನುವ ಬಂದರಿನ ಮೇಲೆ. ಅಲ್ಲಿನ ಮೀನುಗಾರರಿಗೆ ಆ ಬಂದರೇ ಬೇಡ. ವರದಿ ಹೊಸದಾದರೂ ದಾಟಬೇಕಾದ ಬಾಗಿಲು ಹಳೆಯವೇ. ಹಾಗಾಗಿ ಟೆಂಡರು, ಸರ್ವೆಯ ಸುದ್ದಿ ಕಂಡಾಗ ಅರಣ್ಯದ ಮೊದಲ ಹಂತದ ಒಪ್ಪಿಗೆ ಬಂದಿದೆಯೇ ಎಂದಷ್ಟೇ ನೋಡಿದರೆ ಸಾಕು.

ಇಷ್ಟರ ನಡುವೆ ಜನ ಓಡಾಡುತ್ತಿರುವುದು ಬಸ್ಸಿನಲ್ಲಿ. ಕಾರವಾರದಿಂದ ಹುಬ್ಬಳ್ಳಿಗೆ ರೈಲಲ್ಲೇ ಹೋಗುತ್ತೇನೆಂದರೆ ಮಡಗಾಂವಿಗೆ ಹೋಗಿ, ಗಾಡಿ ಬದಲಿಸಿ, ಕ್ಯಾಸಲ್ ರಾಕ್–ಲೋಂಡಾ ಸುತ್ತಬೇಕು. ಕರಾವಳಿಯ ಹಳಿ ಕೊಂಕಣ ರೈಲ್ವೆಯದು, ಘಟ್ಟದ್ದು ನೈಋತ್ಯ ರೈಲ್ವೆಯದು. ವೇಳೆ ಹೊಂದಿಕೆಯಾದರೆ ಅದೃಷ್ಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿಯಿರುವುದರಿಂದ ಆ ಅದೃಷ್ಟವೂ ಬದಲಾಗುತ್ತದೆ. ಕಾರವಾರದ ನಿಲ್ದಾಣ ಇರುವುದೂ ಊರಾಚೆ ಶಿರವಾಡದಲ್ಲಿ, ಆಟೋ ಹಿಡಿಯಬೇಕು. 2021ರ ಜುಲೈ ಮಳೆಗೆ ಅರಬೈಲಿನಲ್ಲಿ ಗುಡ್ಡ ಕುಸಿದಾಗ ಹುಬ್ಬಳ್ಳಿ ರಸ್ತೆಯೂ ಬಂದಾಗಿತ್ತು. ದೇವಿಮನೆ ಘಟ್ಟ ಬಂದಾದರೆ ಶಿರಸಿ–ಕುಮಟಾ ಬಸ್ಸುಗಳಿಗೆ ಉಳಿಯುವುದು ಯಲ್ಲಾಪುರದ ಸುತ್ತು, ಇಲ್ಲವೇ ಸಿದ್ದಾಪುರ, ಮಾವಿನಗುಂಡಿ ಮೇಲೆ ಹೊನ್ನಾವರ. ಈ ಘಟ್ಟಗಳ ಚರಂಡಿ, ತಡೆಗೋಡೆಗಳಿಗೆ ಆಗಬೇಕಾದ ಕೆಲಸ ರೈಲಿನ ಮಾತಿನಷ್ಟು ಸದ್ದು ಮಾಡುವುದಿಲ್ಲ.

ಇನ್ನು ಶಿರಸಿಯವರು ಈ ರೈಲು ಬಂದರೂ ಸುಮಾರು ಐವತ್ತು ಕಿ.ಮೀ. ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಿಯೇ ಹತ್ತಬೇಕು. ತಾಳಗುಪ್ಪದಿಂದ ಶಿರಸಿ ಮೇಲೆ ಹುಬ್ಬಳ್ಳಿಗೆ ಹಳಿ ಬೇಕೆಂಬ ಬೇಡಿಕೆಯ ಕಡತವೇ ಬೇರೆ.