ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರಲ್ಲ

ಧಾರವಾಡದ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ಊರು. ಎರಡನೆಯ ಪ್ರಶ್ನೆ ಮನೆತನದ ಹೆಸರು, "ಅಡ್ಡಹೆಸರ ಏನ್ರಿ?" ಹೇಳಿದ ಹೆಸರು ಅವರದಕ್ಕೆ ಹೊಂದಿತೆಂದರೆ ಮುಗಿಯಿತು. "ಹಂಗಾರ ನೀವು ನಮ್ಮವರ ಆದ್ರಿ" ಅನ್ನುತ್ತಾರೆ, ಇಳಿಯುವ ಹೊತ್ತಿಗೆ ಫೋನ್ ನಂಬರೂ ಬದಲಾಗಿರುತ್ತದೆ. ಈ ಸಲಿಗೆ ನಮ್ಮ ಸೀಮೆಯ ದೊಡ್ಡ ಗುಣ, ಅದು ಹೀಗೇ ಇರಲಿ. ಆದರೆ ಇದೇ ಮಾತು ದಾವೆಯ ಕಾಗದದಲ್ಲಿ ಬಂದಾಗ ನಾನು ಪೆನ್ನು ಕೆಳಗಿಡುತ್ತೇನೆ. "ಸರ್, ಅವರದೂ ನಮ್ಮದೂ ಒಂದ ಅಡ್ಡಹೆಸರು. ಆ ಹೊಲದಾಗ ನಮಗೂ ಪಾಲ ಬರತೈತಿ" ಎಂದು ಬರುವವರು ಇಂದಿಗೂ ಇದ್ದಾರೆ. "ಅವರ ಅಡ್ಡಹೆಸರ ಬ್ಯಾರೆ, ಅವರು ನಮ್ಮ ಮನೆತನದವರ ಅಲ್ಲ" ಎಂದು ಸ್ವಂತ ದೊಡ್ಡಪ್ಪನ ಮಕ್ಕಳನ್ನೇ ಹೊರಗಿಡಲು ನೋಡುವವರೂ ಇದ್ದಾರೆ. ಸಿವಿಲ್ ವಕೀಲನಾಗಿ ನಾನು ಕಂಡುಕೊಂಡದ್ದು ಇಷ್ಟು: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಅಡ್ಡಹೆಸರು ಒಂದು ಸುಳಿವು. ರಕ್ತಸಂಬಂಧವನ್ನು ಬೇರೆ ದಾಖಲೆಯಿಂದಲೇ ಸಾಬೀತು ಮಾಡಬೇಕು.

ಇದು ಯಾಕೆ ಹೀಗೆ ಅನ್ನುವುದು ತಿಳಿಯಬೇಕಾದರೆ ಈ ಹೆಸರುಗಳು ಹುಟ್ಟಿದ ಬಗೆ ನೋಡಬೇಕು. ಊರಿನ ಹೆಸರಿಂದಲೇ ಶುರು ಮಾಡೋಣ. ಸವಣೂರ, ಬ್ಯಾಡಗಿ, ಮುಂಡರಗಿ, ಅಣ್ಣಿಗೇರಿ, ಕುಂದಗೋಳ, ಲಕ್ಷ್ಮೇಶ್ವರ ಎಲ್ಲವೂ ಊರೂ ಹೌದು, ಅಡ್ಡಹೆಸರೂ ಹೌದು. ಬ್ಯಾಡಗಿಯಲ್ಲೇ ಇರುವವನನ್ನು ಬ್ಯಾಡಗಿಯವನೆಂದು ಕರೆದರೆ ಗುರುತು ಸಿಗುವುದಿಲ್ಲ, ಅಲ್ಲಿ ಎಲ್ಲರೂ ಬ್ಯಾಡಗಿಯವರೇ. ಅವನು ಗದಗಿಗೆ ಹೋಗಿ ಮನೆ ಮಾಡಿದಾಗ ಗದಗಿನವರು ಅವನನ್ನು ಬ್ಯಾಡಗಿ ಅನ್ನುತ್ತಾರೆ. ಅಂದರೆ ಬಿಟ್ಟುಬಂದ ಊರಿನ ಹೆಸರನ್ನು ಕೊಡುವವರು ಹೊಸ ಊರಿನ ಜನ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಗೋಕಾಕ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಆಲೂರ ವೆಂಕಟರಾಯರು 1880ರಲ್ಲಿ ಹುಟ್ಟಿದ್ದು ವಿಜಯಪುರದಲ್ಲಿ, ಅವರ ಮನೆತನದ ಮೂಲ ರೋಣ ತಾಲೂಕಿನ ಹೊಳೆಆಲೂರು. ಹೀಗಾಗಿ ನಿಮ್ಮ ಅಡ್ಡಹೆಸರು ಊರಿನದಾಗಿದ್ದರೆ ಹಿರಿಯರು ಹಿಂದೆ ಎಲ್ಲಿದ್ದರು ಅನ್ನುವುದಕ್ಕೆ ಅದು ಒಳ್ಳೆಯ ದಾರಿ. ಆದರೆ ಬ್ಯಾಡಗಿಯಿಂದ ಹೊರಬಿದ್ದ ಮನೆತನ ಒಂದೇ ಅಲ್ಲವಲ್ಲ. ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಜಾತಿಯ, ಬೇರೆ ಬೇರೆ ಧರ್ಮದ ಜನ ಬಂದಿದ್ದಾರೆ. ಸವಣೂರ, ಹುಬ್ಬಳ್ಳಿ, ಧಾರವಾಡ ಎಂಬ ಅಡ್ಡಹೆಸರಿನ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ.

ಇನ್ನೊಂದು ತೊಡಕೂ ಉಂಟು, ಒಂದೇ ಹೆಸರಿನ ಎರಡು ಊರು. 'ಆನಂದಕಂದ' ಎಂಬ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರನ್ನು ಎಷ್ಟೋ ಮಂದಿ ಗದಗ-ಬೆಟಗೇರಿಯವರೆಂದು ತಿಳಿದಿರುತ್ತಾರೆ. ಅವರ ಬೆಟಗೇರಿ ಗೋಕಾಕ ತಾಲೂಕಿನದು. ಹೊಸೂರ, ಹೊಸಹಳ್ಳಿ ಎಂಬ ಊರುಗಳಂತೂ ತಾಲೂಕಿಗೊಂದು ಸಿಗುತ್ತವೆ. ಹಿರಿಯರ ಊರು ಹುಡುಕಿ ಹೊರಟವರಿಗೆ ನಾನು ಮೊದಲು ಕೇಳುವುದು, "ಯಾವ ತಾಲೂಕಿನ ಹೊಸೂರು?" ಇದಕ್ಕೆ ಉತ್ತರವಿಲ್ಲದೆ ಹಳೆಯ ಉತಾರ (ಪಹಣಿ) ತೆಗೆಸಲು ಹೋದರೆ ಬೇರೆಯವರ ಹೊಲದ ಚರಿತ್ರೆ ಓದಿಕೊಂಡು ಬರಬೇಕಾಗುತ್ತದೆ.

ನಮ್ಮ ಸಂಗೀತದವರ ಹೆಸರುಗಳನ್ನು ಇಲ್ಲಿ ನೆನೆಯಲೇಬೇಕು. ಮಲ್ಲಿಕಾರ್ಜುನ ಮನ್ಸೂರರ ಹೆಸರಲ್ಲಿ ಧಾರವಾಡದ ಹತ್ತಿರದ ಹಳ್ಳಿ ಇದೆ. ಸವಾಯಿ ಗಂಧರ್ವರು ರಾಮಚಂದ್ರ ಕುಂದಗೋಳಕರ ಸೌಂಶಿ. ಕುಂದಗೋಳವೂ ಸೌಂಶಿಯೂ ಒಂದೇ ಹೆಸರಲ್ಲಿ ಕೂಡಿವೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರ ತಂದೆಯ ಅಡ್ಡಹೆಸರು ನಾಡಿಗೇರ, ಗಂಡನದು ಕೌಲಗಿ. ಅವರು ಜಗತ್ತಿಗೆ ಗೊತ್ತಾದದ್ದು ತಾಯಿಯ ಮನೆತನದ ಊರಾದ ಹಾನಗಲ್ಲಿನ ಹೆಸರಿಂದ, ಮಗಳು ಕೃಷ್ಣಾ ಕೂಡ ಹಾನಗಲ್ಲ ಎಂದೇ ಹಾಡಿದರು. ತಂದೆಯ ಹೆಸರಿನಿಂದ ಮಾತ್ರ ವಂಶ ಹುಡುಕುವವರು ಈ ತಾಯಿಮಕ್ಕಳನ್ನು ಒಂದೇ ಗೆರೆಯಲ್ಲಿ ತರಲಾರರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಇದ್ದದ್ದು ಗುರುಶಿಷ್ಯ ಸಂಬಂಧ. ಅಲ್ಲಿ ಗವಾಯಿ ಎಂಬುದು ವಿದ್ಯೆಯ ಹಿಂದೆ ಬಂದ ಹೆಸರು.

ಅಧಿಕಾರದಿಂದ ಬಂದ ಹೆಸರುಗಳಲ್ಲಿ ಗೊಂದಲ ಎಲ್ಲಕ್ಕಿಂತ ಹೆಚ್ಚು. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ. ಮುಂಬೈ ಸರಕಾರದ ಆಳ್ವಿಕೆಯಲ್ಲಿ ನಮ್ಮ ಸೀಮೆಯ ಹಳ್ಳಿ ಹಳ್ಳಿಗೂ ಪಾಟೀಲಕಿಯ ವತನ (ವಂಶಪಾರಂಪರ್ಯವಾಗಿ ಬರುವ ಹುದ್ದೆ ಮತ್ತು ಅದರ ಜಮೀನು) ಇತ್ತು, ಲೆಕ್ಕ ಬರೆಯಲು ಕುಲಕರ್ಣಿ ಇದ್ದ. ಸಾವಿರ ಹಳ್ಳಿ ಇದ್ದರೆ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲದ ಸಾವಿರ ಪಾಟೀಲ ಮನೆತನ ಇರಬಹುದು. ಲಿಂಗಾಯತರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ, ಮರಾಠರಲ್ಲಿ ಪಾಟೀಲರಿದ್ದಾರೆ. ಪರಗಣಾ (ಹಳ್ಳಿಗಳ ಗುಂಪು) ಮತ್ತು ಕುಲಕರ್ಣಿ ವತನಗಳನ್ನು ಮುಂಬೈ ಸರಕಾರ 1950ರ ಕಾಯ್ದೆಯಿಂದ ರದ್ದು ಮಾಡಿತು. ಉಳಿದ ಗ್ರಾಮ ಹುದ್ದೆಗಳು 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದವು, ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಹುದ್ದೆ ಹೋಗಿ ಅರವತ್ತು ವರ್ಷ ದಾಟಿದರೂ ಹೆಸರು ಉಳಿಯಿತು. ಜೊತೆಗೆ ವತನ ಜಮೀನಿನ ಮರುಮಂಜೂರಿಯ (ಸರಕಾರ ಅದನ್ನು ವತನದಾರರಿಗೆ ತಿರುಗಿ ಕೊಡುವ) ತಂಟೆಯೂ ಉಳಿಯಿತು. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ಹೆಸರಿನ ಮುಂದೆ ಪಾಟೀಲ ಎಂದಿದ್ದ ಮಾತ್ರಕ್ಕೆ ಯಾವ ವತನ ಜಮೀನಿನಲ್ಲೂ ಹಕ್ಕು ಬರುವುದಿಲ್ಲ. ಆ ಊರಿನ ಆ ವತನದಾರನ ವಂಶದಲ್ಲಿ ನಿಮ್ಮ ಅಜ್ಜ ಎಲ್ಲಿ ಕೂಡುತ್ತಾನೆ ಎಂದು ಹೆಸರು ಹೆಸರಾಗಿ ತೋರಿಸಬೇಕು. ಹಿರೇಮಠರ ಸಂಗತಿಯೂ ಹೀಗೇ. ಊರೂರಿಗೆ ಹಿರೇಮಠ ಉಂಟು, ಆ ಮಠದ ಆಸ್ತಿಗೆ ಇನ್ನೊಂದು ಊರಿನ ಹಿರೇಮಠರು ಬಾಧ್ಯರಲ್ಲ.

ಹಳಬರು ಇದನ್ನು ಬಲ್ಲವರಾಗಿದ್ದರು. ಹಾವೇರಿ ಜಿಲ್ಲೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿಕಾರರಾಗಿ ಊರಿನ ಹೆಸರಿಂದಲೇ ನಿಂತರು. ಗಳಗನಾಥರೆಂದರೆ ಅವರೊಬ್ಬರೇ. ಬರೀ ಕುಲಕರ್ಣಿ ಎಂದಿದ್ದರೆ ಯಾವ ಕುಲಕರ್ಣಿ ಎಂದು ಕೇಳಬೇಕಾಗುತ್ತಿತ್ತು.

ಈಗ ತಿರುವುಮುರುವು ನೋಡಿ. ಅಣ್ಣಿಗೇರಿಯಿಂದ ಹಾವೇರಿ ಕಡೆಯ ಒಂದು ಹಳ್ಳಿಗೆ ಬಂದ ಮುತ್ತಜ್ಜ ಒಬ್ಬನಿದ್ದ ಎಂದುಕೊಳ್ಳಿ. ಊರವರು ಅವನನ್ನು ಅಣ್ಣಿಗೇರಿ ಎಂದು ಕರೆದರು. ಅವನಿಗೆ ನಾಲ್ಕು ಗಂಡುಮಕ್ಕಳು. ಹಿರಿಯ ಹಳೆಯ ಮನೆಯಲ್ಲೇ ಉಳಿದ, ಹಳೇಮನಿ ಆದ. ಎರಡನೆಯವ ಬೇರೆ ಕಟ್ಟಿಸಿಕೊಂಡ, ಹೊಸಮನಿ ಆದ. ಮೂರನೆಯವ ರಾಣೆಬೆನ್ನೂರಿನಲ್ಲಿ ಕಿರಾಣಿ ಹಚ್ಚಿದ, ಅಂಗಡಿ ಆದ. ಕಿರಿಯ ಹುಬ್ಬಳ್ಳಿಗೆ ಹೋಗಿ ಅಣ್ಣಿಗೇರಿ ಎಂದೇ ಉಳಿದ. ಶಾಲೆಯಲ್ಲಿ ಹೆಸರು ಹಚ್ಚುವಾಗ ಮಾಸ್ತರರು ಊರವರು ಕರೆಯುವ ಹೆಸರನ್ನೇ ಬರೆದುಕೊಂಡರು. ಮೂರು ತಲೆಮಾರಿಗೆ ನಾಲ್ಕು ಅಡ್ಡಹೆಸರು, ಹೊಲ ಮಾತ್ರ ಇನ್ನೂ ಮುತ್ತಜ್ಜನ ಹೆಸರಲ್ಲಿ. ಇದು ಅಪರೂಪದ ಕಥೆಯಲ್ಲ, ನಮ್ಮ ವಾಟ್ನಿ (ಆಸ್ತಿ ಪಾಲು) ದಾವೆಗಳಲ್ಲಿ ದಿನಾ ಕಾಣುವ ಸಂಗತಿ. ದತ್ತಕ ಹೋದ ಮಗ ಇದ್ದರೆ ಐದನೆಯ ಹೆಸರೂ ಬರುತ್ತದೆ: ಶಾಲೆಯಲ್ಲಿ ಹುಟ್ಟಿದ ಮನೆಯದು, ಉತಾರದಲ್ಲಿ ದತ್ತಕ ತಗೊಂಡ ಮನೆಯದು.

ಹಾಗಾದರೆ ನ್ಯಾಯಾಲಯ ನಂಬುವುದು ಏನನ್ನು? 1872ರ ಸಾಕ್ಷ್ಯ ಕಾಯ್ದೆಯ 50ನೇ ಕಲಮಿನಲ್ಲಿ ಒಂದು ಒಳ್ಳೆಯ ತತ್ವ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಮನೆತನದವರಾಗಿಯೋ ಬೇರೆ ರೀತಿಯಿಂದಲೋ ಸಂಬಂಧವನ್ನು ಬಲ್ಲವರು ಅದನ್ನು ನಿಜವೆಂದು ತಿಳಿದು ಹೇಗೆ ನಡೆದುಕೊಂಡರು ಅನ್ನುವುದೂ ಸಾಕ್ಷ್ಯ. ಯಾರ ಮನೆಯ ಸಾವಿಗೆ ಯಾರು ಸೂತಕ ಹಿಡಿದರು, ಲಗ್ನದಲ್ಲಿ ಯಾರು ಯಾವ ಸ್ಥಾನದಲ್ಲಿ ನಿಂತರು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತಂಟೆ ಹುಟ್ಟುವ ಮೊದಲೇ ತೀರಿಹೋದ ಹಿರಿಯರು ಸಂಬಂಧದ ಬಗ್ಗೆ ಹೇಳಿದ್ದಕ್ಕೂ ಬರೆದಿಟ್ಟದ್ದಕ್ಕೂ ಬೆಲೆ ಇದೆ. ಆದ್ದರಿಂದ ಹಳೆಯ ಲಗ್ನಪತ್ರಿಕೆ ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದರ ಕೆಳಗೆ 'ತಮ್ಮ ಆಗಮನಾಭಿಲಾಷಿಗಳು' ಎಂದು ಅಚ್ಚಾದ ಹೆಸರುಗಳ ಸಾಲು ಎಷ್ಟೋ ದಾವೆಗಳಲ್ಲಿ ಬಾಯಿಮಾತಿನ ಸಾಕ್ಷಿಗಿಂತ ಗಟ್ಟಿ ನಿಲ್ಲುತ್ತದೆ, ಯಾಕೆಂದರೆ ಅದನ್ನು ಅಚ್ಚು ಹಾಕಿಸಿದಾಗ ಯಾರ ತಲೆಯಲ್ಲೂ ಕೋರ್ಟು ಇರಲಿಲ್ಲ. ಮನೆದೇವರು ಯಾರು, ಜಾತ್ರೆಗೆ ಯಾರ ಮನೆಯಲ್ಲಿ ಎಲ್ಲರೂ ಕೂಡುತ್ತಿದ್ದರು ಅನ್ನುವುದೂ ಸಹಾಯಕ್ಕೆ ಬರುತ್ತದೆ. ನಾಡಕಚೇರಿಯಿಂದ ತಂದ ವಂಶಾವಳಿ ಆರಂಭಕ್ಕೆ ಬೇಕು. ಅದನ್ನು ಎದುರಿನವರು ಅಲ್ಲಗಳೆದರೆ ಅದೊಂದರ ಮೇಲೆ ಕೂರಲಾಗುವುದಿಲ್ಲ.

ಮಕ್ಕಳಿಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಈ ಪ್ರಶ್ನೆ ತೀವ್ರವಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ, ಉಯಿಲು ಬರೆಯದೆ ಸತ್ತ ಗಂಡಸಿನ ಆಸ್ತಿ ಮೊದಲು ಒಂದನೆಯ ವರ್ಗದ ವಾರಸುದಾರರಿಗೆ (ಹೆಂಡತಿ, ಮಕ್ಕಳು, ತಾಯಿ ಮೊದಲಾದವರು), ಅವರಿಲ್ಲದಿದ್ದರೆ ಎರಡನೆಯ ವರ್ಗದವರಿಗೆ (ತಂದೆ, ಒಡಹುಟ್ಟಿದವರು ಮೊದಲಾದವರು), ಅವರೂ ಇಲ್ಲದಿದ್ದರೆ ಗಂಡುಸಂತತಿಯ ಮೂಲಕವೇ ಕೂಡುವ ದಾಯಾದಿಗಳಿಗೆ ಹೋಗುತ್ತದೆ. ಈ ಮೂರನೆಯ ಮೆಟ್ಟಿಲಲ್ಲಿ ದೂರದೂರದವರೆಲ್ಲ ಅಡ್ಡಹೆಸರು ಹಿಡಿದುಕೊಂಡು ಬರುತ್ತಾರೆ. ಅಲ್ಲಿ ತಲೆಮಾರು ಎಣಿಸಬೇಕು, ನಡುವೆ ಒಬ್ಬನ ಹೆಸರು ತಪ್ಪಿದರೂ ಕೊಂಡಿ ಕಳಚುತ್ತದೆ.

ಲಗ್ನದ ಮಾತಿಗೂ ಅಡ್ಡಹೆಸರು ಅಡ್ಡ ಬರುತ್ತದೆ. ಹೆಸರು ಒಂದೇ ಎಂದು ಒಳ್ಳೆಯ ಸಂಬಂಧ ಬಿಟ್ಟವರಿದ್ದಾರೆ. ಹಿಂದೂ ವಿವಾಹ ಕಾಯ್ದೆ ಅಡ್ಡಹೆಸರನ್ನು ಕೇಳುವುದೇ ಇಲ್ಲ. ಅದು ನೋಡುವುದು ನಿಷಿದ್ಧ ಸಂಬಂಧವನ್ನು ಮತ್ತು ಸಪಿಂಡವನ್ನು. ಸಪಿಂಡವೆಂದರೆ ನಿಮ್ಮನ್ನೂ ಸೇರಿಸಿ ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರು. ರೂಢಿ ಒಪ್ಪಿದ್ದರೆ ಅದಕ್ಕೂ ವಿನಾಯಿತಿ ಉಂಟು, ಸೋದರಮಾವನಿಗೆ ಕೊಡುವ ನಮ್ಮ ಪದ್ಧತಿ ನಿಂತಿರುವುದು ಅದರ ಮೇಲೆಯೇ.

ದಾಖಲೆಯಲ್ಲಿ ಇನ್ನೊಂದು ಬಗೆಯ ತಾಪತ್ರಯ ನೋಡುತ್ತೇನೆ. ಒಂದೇ ಹಳ್ಳಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಹೊಂದುವ ಇಬ್ಬರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಇದು ಆಗುವಂಥದ್ದೇ. ಒಬ್ಬನ ಬೆಳೆಸಾಲ ಇನ್ನೊಬ್ಬನ ಉತಾರದಲ್ಲಿ ಸಾಲ-ಋಣ ಬರೆಯುವ 11ನೇ ಕಾಲಮ್ಮಿನಲ್ಲಿ ಕೂತರೆ, ಹೊಲ ಮಾರಲು ಹೋದ ದಿನ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಉತಾರ ತೆಗೆಸಿ ಮಾಲಕರ ಹೆಸರಿರುವ 9ನೇ ಮತ್ತು ಆ 11ನೇ ಕಾಲಮ್ಮು ಓದಿ. ಖರೇದಿ ಮಾಡುವವರು ಹೆಸರಿನ ಮೇಲೆ ಹುಡುಕಿ ಸುಮ್ಮನಾಗದೆ ಹಳ್ಳಿಯಾದರೆ ಸರ್ವೆ ನಂಬರು, ಹುಬ್ಬಳ್ಳಿ-ಧಾರವಾಡ ಶಹರದಲ್ಲಾದರೆ ಸಿಟಿಎಸ್ (ನಗರ ಸರ್ವೆಯ) ನಂಬರಿನ ಮೇಲೆ ಹುಡುಕಬೇಕು. ಪಾಟೀಲರು ಎಷ್ಟು ಮಂದಿ ಇದ್ದರೂ ಆ ನಂಬರು ಒಂದೇ.

ನನಗೆ ಎಲ್ಲಕ್ಕಿಂತ ಕಾಳಜಿ ಇರುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮಗಳನ್ನೂ ಮಗನಂತೆಯೇ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕುಳ್ಳವಳೆಂದು ಮಾಡಿತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಕಾನೂನು ಇಷ್ಟು ಮುಂದೆ ಬಂದರೂ ವಾರಸಾ (ತೀರಿಕೊಂಡವರ ಜಾಗದಲ್ಲಿ ವಾರಸುದಾರರ ಹೆಸರು ದಾಖಲು) ಮಾಡಿಸುವಾಗ ಅಣ್ಣತಮ್ಮಂದಿರ ಹೆಸರಷ್ಟೇ ಕೊಟ್ಟು ಬರುವ ರೂಢಿ ನಿಂತಿಲ್ಲ. ಕೇಳಿದರೆ, "ಅಕಿದು ಅಡ್ಡಹೆಸರ ಬದಲಾತಲ್ರಿ, ಅಕಿ ಈಗ ಆ ಮನಿಯಾಕಿ" ಅನ್ನುತ್ತಾರೆ. ಅಡ್ಡಹೆಸರು ಬದಲಾದರೆ ಹುಟ್ಟು ಬದಲಾಗುವುದಿಲ್ಲ. ಹಾಗೆ ಬಿಟ್ಟುಹೋದ ಅಕ್ಕತಂಗಿಯರು ಮುಂದೆ ದಾವೆ ಹೂಡಿದರೆ ನಡುವೆ ಹೊಲ ಕೊಂಡವರಿಗೂ ತ್ರಾಸು. ಮೊದಲೇ ಎಲ್ಲರ ಹೆಸರು ಬರೆಸಿ, ಆಮೇಲೆ ಬೇಕಾದರೆ ಒಪ್ಪಿಗೆಯಿಂದ ವಾಟ್ನಿ ಪತ್ರ ನೋಂದಾಯಿಸಿ.

ಹೆಣ್ಣುಮಕ್ಕಳಿಗೆ ನನ್ನ ಸಲಹೆ ಇದು: ಲಗ್ನದ ನಂತರ ಆಧಾರ್‌ನಲ್ಲಿ ಗಂಡನ ಅಡ್ಡಹೆಸರು ಹಾಕಿಸುವುದು ಬಿಡುವುದು ನಿಮ್ಮ ಇಷ್ಟ. ಆದರೆ ಶಾಲೆ ಬಿಟ್ಟ ದಾಖಲೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಲಗ್ನ ನೋಂದಣಿಯ ಪ್ರಮಾಣಪತ್ರ, ಲಗ್ನಪತ್ರಿಕೆ ಈ ನಾಲ್ಕನ್ನು ಒಂದು ಕಡೆ ಇಡಿ. ತವರಿನ ಹೆಸರಿಗೂ ಗಂಡನ ಮನೆಯ ಹೆಸರಿಗೂ ನಡುವಿನ ಕೊಂಡಿ ಅವೇ. ಮೂಲ ಕಾಗದ ತವರಿನಲ್ಲಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಒಂದು ಪ್ರತಿ ತಂದಿಟ್ಟುಕೊಳ್ಳಿ. ಕಾಗದ ಕಳೆದಿದ್ದರೆ ನೀವು ಕಲಿತ ಶಾಲೆಯ ದಾಖಲಾತಿ ಪುಸ್ತಕದ ಉತಾರಕ್ಕೆ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಶಾಲೆಗೆ ಹಚ್ಚಿದ ವರ್ಷ, ಆಗಿನ ಅಡ್ಡಹೆಸರು, ತಂದೆಯ ಹೆಸರು ಇವು ಮೂರೂ ಇರಲಿ.