ಕತ್ತಿನೊಳಗಿನ ಗಾಳಿ

ಉದ್ದ ಕತ್ತಿನ ದೈತ್ಯ ಡೈನೋಸಾರ್ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಉದ್ದ? ಎಷ್ಟು ತೂಕ? ಇವುಗಳ ಪಳೆಯುಳಿಕೆ ಮೂಳೆಗಳ ಜೊತೆ ವರ್ಷಗಟ್ಟಲೆ ಕೂತಿರುವ ನನಗೆ ಬೇರೊಂದು ಪ್ರಶ್ನೆ ಕಾಡುತ್ತದೆ. ಅಂಥ ಕತ್ತನ್ನು ಅವು ಎತ್ತಿದ್ದಾದರೂ ಹೇಗೆ?

ಚೀನಾದಲ್ಲಿ ಸಿಕ್ಕ ಮಮೆಂಚಿಸಾರಸ್ ಎಂಬ ಇಂಥ ಒಂದು ಡೈನೋಸಾರ್‌ನ ಕತ್ತು ಸುಮಾರು 15 ಮೀಟರ್ ಇತ್ತು ಎಂದು 2023ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಜಿರಾಫೆಯದು ಎರಡು ಮೀಟರ್ ಆಸುಪಾಸು. ಜಿರಾಫೆಯ ಕತ್ತಿನಲ್ಲಿ ಇರುವುದು ನಮ್ಮಷ್ಟೇ, 7 ಮೂಳೆ. ಮಮೆಂಚಿಸಾರಸ್ ಬಳಗದಲ್ಲಿ 18, 19 ಮೂಳೆ ಇದ್ದವು.

ಅಂಥ ಒಂದು ಮೂಳೆಯನ್ನು ಹತ್ತಿರದಿಂದ ನೋಡಿ. ಪಕ್ಕದಲ್ಲಿ ದೊಡ್ಡ ಗುಳಿ. ಸೂಜಿ, ಬ್ರಷ್ ಹಿಡಿದು ಅಂಟಿದ ಕಲ್ಲುಮಣ್ಣನ್ನು ಚೂರುಚೂರೇ ಬಿಡಿಸುತ್ತಾ ಹೋದರೆ ಒಳಗೆ ಪುಟ್ಟ ಕೋಣೆ, ಅದರಾಚೆ ಇನ್ನೊಂದು ಕೋಣೆ. ನಡುವಿನ ಗೋಡೆ ಕೆಲವು ಕಡೆ ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಕೈ ಕೊಂಚ ಜೋರಾದರೂ ಮುರಿಯುತ್ತದೆ. ಸಿ.ಟಿ. ಸ್ಕ್ಯಾನ್ ಮಾಡಿದರೆ ಒಳಗೆಲ್ಲ ಜೇನುಗೂಡು. ಎಷ್ಟೋ ಜಾತಿಗಳಲ್ಲಿ ಕತ್ತಿನ ಮೂಳೆಯ ಅರ್ಧಕ್ಕಿಂತ ಜಾಸ್ತಿ ಜಾಗ ಬರೀ ಗಾಳಿಯದು. ಈಗ ಅಲ್ಲೆಲ್ಲ ಕಲ್ಲು ತುಂಬಿರುತ್ತದೆ. ಹಾಗಾಗಿ ಎತ್ತಿ ನೋಡಿದವರು ಇದು ಹಗುರವಾಗಿತ್ತು ಅಂದರೆ ನಂಬುವುದಿಲ್ಲ.

ಹಕ್ಕಿಗಳ ಮೂಳೆಯೂ ಹೀಗೇ ಅಲ್ವಾ? ಬ್ರಿಟನ್ನಿನ ಪಳೆಯುಳಿಕೆ ತಜ್ಞ ಹ್ಯಾರಿ ಸೀಲಿ 1870ರಲ್ಲೇ ಇದನ್ನು ಗಮನಿಸಿ, ಇಂಥ ಒಂದು ಪ್ರಾಣಿಗೆ ಹಕ್ಕಿಯನ್ನು ನೆನಪಿಸುವ ಆರ್ನಿತಾಪ್ಸಿಸ್ ಎಂಬ ಹೆಸರಿಟ್ಟಿದ್ದರು. ಹಕ್ಕಿಗಳಲ್ಲಿ ಶ್ವಾಸಕೋಶಕ್ಕೆ ಅಂಟಿಕೊಂಡ ಗಾಳಿಚೀಲಗಳಿಂದ ಕವಲುಗಳು ಹೊರಟು ಮೂಳೆಯೊಳಗೆ ಹೋಗುತ್ತವೆ. ಈ ಡೈನೋಸಾರ್‌ಗಳಲ್ಲೂ ಹಾಗೇ ಇತ್ತು ಅನ್ನುವುದಕ್ಕೆ ಆ ಗುಳಿಗಳೇ ಸಾಕ್ಷಿ. ಇದರಿಂದ ಉಸಿರಾಟಕ್ಕೂ ಅನುಕೂಲ. ಹತ್ತು ಹದಿನೈದು ಮೀಟರ್ ಶ್ವಾಸನಾಳದ ಜೊತೆ ನಮ್ಮಂಥ ಶ್ವಾಸಕೋಶ ಇಟ್ಟುಕೊಂಡರೆ ಬಿಟ್ಟ ಗಾಳಿಯೇ ಮತ್ತೆ ಒಳಗೆ ಬರುತ್ತದೆ. ಗಾಳಿಚೀಲ ಇದ್ದರೆ ಒಂದೇ ಉಸಿರಿಗೆ ಜಾಸ್ತಿ ಗಾಳಿ ಎಳೆದುಕೊಳ್ಳಬಹುದು.

ಇವು ನೀರಲ್ಲಿ ಮುಳುಗಿ ತಲೆಯನ್ನಷ್ಟೇ ಮೇಲಿಟ್ಟು ಬದುಕುತ್ತಿದ್ದವು ಎಂದು ಒಂದು ಕಾಲಕ್ಕೆ ನಂಬಿದ್ದರು. ಅಷ್ಟು ಆಳದಲ್ಲಿ ನೀರಿನ ಒತ್ತಡಕ್ಕೆ ಎದೆ ಹಿಗ್ಗುವುದೇ ಇಲ್ಲ ಎಂದು 1951ರಲ್ಲಿ ವಿಜ್ಞಾನಿ ಕೆನೆತ್ ಕೆರ್ಮ್ಯಾಕ್ ತೋರಿಸಿದರು. ಇವು ನೆಲದ ಪ್ರಾಣಿಗಳೇ.

ಇನ್ನು ತಲೆ. ನನ್ನ ಪ್ರಕಾರ ಅರ್ಧ ಗುಟ್ಟು ಇಲ್ಲೇ ಇದೆ. ಆನೆ ಸೊಪ್ಪನ್ನು ಅರೆದು ತಿನ್ನುತ್ತದೆ. ಅದಕ್ಕೆ ದೊಡ್ಡ ದವಡೆ ಹಲ್ಲು ಬೇಕು, ದಪ್ಪ ಸ್ನಾಯು ಬೇಕು, ಭಾರದ ತಲೆ ಬೇಕು. ಅಂಥ ತಲೆಯನ್ನು ಉದ್ದ ಕತ್ತಿನ ತುದಿಗೆ ಕೂರಿಸಲು ಆಗುವುದಿಲ್ಲ. ಇಂಥದೇ ಉದ್ದ ಕತ್ತಿನ ಇನ್ನೊಂದು ಡೈನೋಸಾರ್ ಡಿಪ್ಲೊಡೋಕಸ್ ಅಗಿಯುತ್ತಲೇ ಇರಲಿಲ್ಲ. ಅದರ ತಲೆ ಹೆಚ್ಚುಕಡಿಮೆ ಕುದುರೆಯ ತಲೆಯಷ್ಟು ಉದ್ದ. ಬಾಯಿಯ ಮುಂದುಗಡೆ ಪೆನ್ಸಿಲ್‌ನಂಥ ಹಲ್ಲುಗಳು. ಅವು ಎಷ್ಟು ಬೇಗ ಸವೆಯುತ್ತಿದ್ದವು ಅಂದರೆ ಒಂದೊಂದು ಹಲ್ಲಿನ ಜಾಗದಲ್ಲೂ ಸುಮಾರು 35 ದಿನಕ್ಕೊಂದು ಹೊಸ ಹಲ್ಲು ಬರುತ್ತಿತ್ತು. ಸೊಪ್ಪು ಕಿತ್ತು ಹಾಗೇ ನುಂಗುವುದು, ಉಳಿದ ಕೆಲಸ ಹೊಟ್ಟೆಗೆ. ಅಲ್ಲಿ ಅದು ದಿನಗಟ್ಟಲೆ ಹುದುಗುತ್ತಾ ಇರುತ್ತಿತ್ತು. ಇತ್ತ ಡಿಪ್ಲೊಡೋಕಸ್ ನಿಂತಲ್ಲೇ ನಿಂತು, ಕತ್ತನ್ನಷ್ಟೇ ಆ ಕಡೆ ಈ ಕಡೆ ತಿರುಗಿಸಿ, ಮುಂದಿನ ಗಿಡದ ಸೊಪ್ಪಿಗೆ ಬಾಯಿ ಹಾಕುತ್ತಿತ್ತು.